ವಾಚಾಳಿ ಎಂಬ ಪದ: ಹುಟ್ಟು, ಅರ್ಥ, ಬಳಕೆ

ಚೆನ್ನಾಗಿ ಮಾತಾಡುವವರನ್ನು ‘ವಾಗ್ಮಿ’ ಎನ್ನುತ್ತೇವೆ. ಹಿಡಿತವಿಲ್ಲದೆ ಮಾತಾಡುತ್ತಲೇ ಹೋಗುವವರನ್ನು ‘ವಾಚಾಳಿ’ ಎನ್ನುತ್ತೇವೆ. ಒಂದು ಹೊಗಳಿಕೆ, ಇನ್ನೊಂದು ತೆಗಳಿಕೆ. ಆದರೆ ಎರಡೂ ಪದಗಳ ಒಳಗಿರುವುದು ‘ವಾಚ್’ ಎಂಬ ಒಂದೇ ಶಬ್ದ, ಅಂದರೆ ಮಾತು. ಪಾಣಿನಿಯ ಸಂಸ್ಕೃತ ವ್ಯಾಕರಣ ಅಷ್ಟಾಧ್ಯಾಯಿಯಲ್ಲಿ ಇವೆರಡಕ್ಕೂ ಒಂದರ ಬೆನ್ನಿಗೆ ಒಂದು ಸೂತ್ರವಿದೆ. ಐದನೆಯ ಅಧ್ಯಾಯದ ಎರಡನೆಯ ಪಾದದಲ್ಲಿ 124ನೆಯ ಸೂತ್ರ ‘ವಾಚೋ ಗ್ಮಿನಿಃ’, 125ನೆಯದು ‘ಆಲಜಾಟಚೌ ಬಹುಭಾಷಿಣಿ’. ಮೊದಲನೆಯದು ಹೇಳುವ ಗ್ಮಿನ್ ಎಂಬ ಪ್ರತ್ಯಯದಿಂದ ವಾಗ್ಮಿ ಬರುತ್ತದೆ. ಎರಡನೆಯದು ಹೇಳುವ ಆಲಚ್, ಆಟಚ್ ಪ್ರತ್ಯಯಗಳಿಂದ ವಾಚಾಲ ಮತ್ತು ವಾಚಾಟ ಎಂಬ ಎರಡು ರೂಪಗಳು ಬರುತ್ತವೆ. ನಮ್ಮ ‘ವಾಚಾಳಿ’ ಈ ವಾಚಾಲದಿಂದ ಬಂದದ್ದು.

ಮೊದಲು ಒಂದು ಸಣ್ಣ ಪ್ರಶ್ನೆಯಿಂದ ಹೊರಡೋಣ. ಮೂಲ ಒಂದೇ ‘ವಾಚ್’ ಆಗಿದ್ದರೆ ಒಂದರಲ್ಲಿ ಗಕಾರವೂ ಇನ್ನೊಂದರಲ್ಲಿ ಚಕಾರವೂ ಏಕೆ? ವಾಗೀಶ, ವಾಗರ್ಥ, ವಾಗ್ದಾನ, ವಾಗ್ವಾದ ಎಲ್ಲದರಲ್ಲೂ ಚಕಾರ ಗಕಾರವಾಗಿದೆ. ಆ ಲೆಕ್ಕದಲ್ಲಿ ‘ವಾಗಾಲ’ ಆಗಬೇಕಿತ್ತಲ್ಲ?

ಉತ್ತರ ಪ್ರತ್ಯಯದ ಮೊದಲ ಅಕ್ಷರದಲ್ಲಿದೆ. ಇಂಥ ಪ್ರತ್ಯಯ ಯಕಾರವಲ್ಲದ ವ್ಯಂಜನದಿಂದ ಶುರುವಾದರೆ ಅದರ ಹಿಂದಿರುವ ಶಬ್ದಕ್ಕೆ ‘ಪದ’ ಎಂಬ ಸಂಜ್ಞೆ, ಅಂದರೆ ಶಾಸ್ತ್ರದ ಹೆಸರು, ಸಿಗುತ್ತದೆ. ಯಕಾರದಿಂದಲೋ ಸ್ವರದಿಂದಲೋ ಶುರುವಾದರೆ ಸಿಗುವುದು ‘ಭ’ ಎಂಬ ಸಂಜ್ಞೆ. ಪದ ಎನಿಸಿಕೊಂಡ ಶಬ್ದದ ಕೊನೆಯ ಅಕ್ಷರ ಮಾರ್ಪಡುತ್ತದೆ. ಭ ಎನಿಸಿಕೊಂಡದ್ದರಲ್ಲಿ ಆ ಮಾರ್ಪಾಡು ನಡೆಯುವುದಿಲ್ಲ. ಈಗ ಹೆಜ್ಜೆ ಹೆಜ್ಜೆಯಾಗಿ ನೋಡಿ. ವಾಚ್ ಮುಂದೆ ಗ್ಮಿನ್ ಬಂದಿತು. ಗ್ಮಿನ್ ಶುರುವಾಗುವುದು ಗಕಾರದಿಂದ, ಆದ್ದರಿಂದ ವಾಚ್ ಪದವಾಯಿತು. ಪದದ ಕೊನೆಯ ಚಕಾರ ಕಕಾರವಾಗಿ ‘ವಾಕ್’ ಆಯಿತು, ಆ ಕಕಾರ ಗಕಾರವಾಗಿ ‘ವಾಗ್’ ಆಯಿತು. ಅದಕ್ಕೆ ಗ್ಮಿನ್ ಸೇರಿದರೆ ‘ವಾಗ್ಗ್ಮಿನ್’. ಲೆಕ್ಕಪ್ರಕಾರ ಇಲ್ಲಿ ಎರಡು ಗಕಾರಗಳಿವೆ, ವಾಚ್‌ನದ್ದೊಂದು, ಪ್ರತ್ಯಯದ್ದೊಂದು. ಬರಹದಲ್ಲಿ ಒಂದನ್ನೇ ಬರೆಯುವುದು ರೂಢಿಯಾಗಿ ‘ವಾಗ್ಮಿ’ ನಿಂತಿತು.

ಇನ್ನು ಆಲಚ್. ಕೊನೆಯ ಚಕಾರ ಸ್ವರಾಘಾತದ ಗುರುತಿಗಾಗಿ ಇಟ್ಟದ್ದು, ಉಳಿಯುವುದು ‘ಆಲ’ ಮಾತ್ರ. ಅದು ಶುರುವಾಗುವುದು ಆಕಾರದಿಂದ. ಆದ್ದರಿಂದ ವಾಚ್‌ಗೆ ಭ ಸಂಜ್ಞೆ ಬಂತು, ಚಕಾರ ಅಲುಗಾಡಲಿಲ್ಲ, ವಾಚ್ + ಆಲ ಸೇರಿ ‘ವಾಚಾಲ’ವಾಯಿತು. ವಾಗೀಶದಲ್ಲಿ ಸ್ವರವೇ ಎದುರಿದ್ದರೂ ಗಕಾರ ಬಂತಲ್ಲ ಎಂದು ಕೇಳಬಹುದು. ಅಲ್ಲಿ ‘ಈಶ’ ಪ್ರತ್ಯಯವಲ್ಲ, ಬೇರೊಂದು ಪದ. ಅದು ಸಮಾಸ, ಇದು ತದ್ಧಿತ, ಅಂದರೆ ನಾಮಪದಕ್ಕೆ ಪ್ರತ್ಯಯ ಸೇರಿ ಆದದ್ದು. ಈ ವ್ಯತ್ಯಾಸ ಹಿಡಿಯದೆ ‘ವಾಚಾಳಿ’ಯನ್ನು ಸಮಾಸದಂತೆ ಬಿಡಿಸಹೊರಟರೆ ದಾರಿ ತಪ್ಪುತ್ತದೆ.

ಗ್ಮಿನ್ ಎಂಬ ವಿಚಿತ್ರ ರೂಪಕ್ಕೂ ಕಾರಣವಿದೆ. ಗಕಾರವಿಲ್ಲದೆ ಬರೀ ‘ಮಿನ್’ ಎಂದಿದ್ದರೆ ವಾಕ್‌ನ ಕಕಾರ ಮಕಾರದ ಎದುರು ಅನುನಾಸಿಕವಾಗಿ ‘ವಾಙ್ಮಿ’ ಆಗಿಬಿಡುತ್ತಿತ್ತು. ‘ವಾಙ್ಮಯ’ದಲ್ಲಿ ಆಗಿರುವುದು ಅದೇ. ಪ್ರತ್ಯಯದ ತಲೆಯಲ್ಲಿ ಗಕಾರ ಕೂತಿರುವುದರಿಂದ ಮಕಾರದ ಸೋಂಕು ವಾಕ್‌ಗೆ ತಗಲುವುದಿಲ್ಲ. ಒಂದು ಅಕ್ಷರಕ್ಕೆ ಇಷ್ಟು ಯೋಚಿಸುವವರು ಮಾತು ಪೋಲಾಗುವುದಕ್ಕೆ ಹೆಸರಿಡುವಾಗ ಎಷ್ಟು ಯೋಚಿಸಿರಬೇಕು ಎಂಬುದು ಮುಂದಿನ ಭಾಗದಲ್ಲಿ ಕಾಣುತ್ತದೆ.

ಈ ಪ್ರತ್ಯಯಗಳು ಬರುವುದು ‘ಅದು ಇವನಿಗೆ ಇದೆ’ ಎಂಬ ಅರ್ಥದಲ್ಲಿ. ಧನ ಉಳ್ಳವನು ಧನವಂತ, ಬುದ್ಧಿ ಉಳ್ಳವನು ಬುದ್ಧಿವಂತ. ಹಾಗಾದರೆ ವಾಗ್ಮಿ ಎಂದರೆ ‘ಮಾತು ಉಳ್ಳವನು’ ಎಂದಷ್ಟೇ ಆಗುತ್ತದೆ. ಮಾತು ಯಾರಿಗಿಲ್ಲ? ಹೀಗೆ ಕೇಳಿದರೆ ಅದಕ್ಕೂ ವ್ಯಾಕರಣದಲ್ಲಿ ಸಮಾಧಾನವಿದೆ. ‘ಉಳ್ಳವನು’ ಎಂಬ ಅರ್ಥದ ಪ್ರತ್ಯಯಗಳು ಬರಿಯ ಇರುವಿಕೆಯನ್ನು ಹೇಳಿ ಸುಮ್ಮನಾಗುವುದಿಲ್ಲ; ಹೇರಳತೆ, ನಿಂದೆ, ಪ್ರಶಂಸೆ, ಸದಾ ಜತೆಗಿರುವುದು, ಅತಿಶಯ ಮುಂತಾದ ಅರ್ಥಗಳನ್ನೂ ಹೊತ್ತು ಬರುತ್ತವೆ. ‘ಭೂಮನಿಂದಾಪ್ರಶಂಸಾಸು’ ಎಂದು ಶುರುವಾಗುವ ಪ್ರಸಿದ್ಧ ಕಾರಿಕೆ, ಅಂದರೆ ನಿಯಮ ಹೇಳುವ ಶ್ಲೋಕ, ಇದನ್ನು ಪಟ್ಟಿಮಾಡುತ್ತದೆ. ನಾವು ‘ಅವನು ಮಾತುಗಾರ’ ಎಂದರೆ ಮೂಗನಲ್ಲ ಎಂದು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲವಲ್ಲ, ಹಾಗೆಯೇ ಇದು.

ವಾಚಾಲದ ಸೂತ್ರದಲ್ಲಿ ಪಾಣಿನಿ ಬಳಸಿರುವ ಪದ ‘ಬಹುಭಾಷಿಣಿ’, ಬಹಳ ಮಾತಾಡುವವನು ಎಂಬ ಅರ್ಥದಲ್ಲಿ. ಅಷ್ಟೇ ಓದಿದರೆ ಉದ್ದಕ್ಕೆ ಮಾತಾಡಿದವರೆಲ್ಲ ವಾಚಾಲರೇ. ಇಲ್ಲಿ ಒಂದು ವಾರ್ತಿಕ, ಅಂದರೆ ಸೂತ್ರಕ್ಕೆ ಆಮೇಲೆ ಸೇರಿಸಿದ ತಿದ್ದುಪಡಿ, ತಡೆಹಾಕುತ್ತದೆ: ‘ಕುತ್ಸಿತ ಇತಿ ವಕ್ತವ್ಯಮ್’. ನಿಂದೆಯ ಅರ್ಥದಲ್ಲಿ ಎಂದು ಸೇರಿಸಿ ಹೇಳಬೇಕು ಎಂದು ಇದರ ತಾತ್ಪರ್ಯ. ವ್ಯಾಖ್ಯಾನಕಾರರು ಇನ್ನೂ ಬಿಡಿಸಿ ಹೇಳುತ್ತಾರೆ: ಬಹಳ ಮಾತಾಡಿದರೂ ಸರಿಯಾಗಿ ಮಾತಾಡುವವನು ವಾಗ್ಮಿಯೇ, ಕೆಟ್ಟದಾಗಿ ಬಹಳ ಮಾತಾಡುವವನು ಮಾತ್ರ ವಾಚಾಲ.

ಈ ಒಂದು ತಿದ್ದುಪಡಿಯೇ ಇವತ್ತಿನ ಮಾತಿನ ತಿರುಳು. ಮಾತು ಉದ್ದವಾದದ್ದು ದೋಷವಲ್ಲ. ಎರಡು ಗಂಟೆ ಒಂದೇ ವಿಷಯವನ್ನು ಬಿಡಿಸಿ ಬಿಡಿಸಿ ಹೇಳಿದವರು ವಾಗ್ಮಿಗಳಾಗಬಹುದು, ಹತ್ತು ನಿಮಿಷದಲ್ಲಿ ಮುಗಿಸಿದವರು ವಾಚಾಳಿಗಳಾಗಬಹುದು. ಗಡಿಯಾರ ನೋಡಿ ವಾಚಾಳಿತನವನ್ನು ಅಳೆಯಲು ಬರುವುದಿಲ್ಲ. ಅಮರಸಿಂಹನ ಸಂಸ್ಕೃತ ನಿಘಂಟಾದ ಅಮರಕೋಶವೂ ಇದನ್ನೇ ಮೂರೇ ಪದಗಳ ಸಮಾಸದಲ್ಲಿ ಹಿಡಿದಿಟ್ಟಿದೆ. ‘ಸ್ಯಾಜ್ಜಲ್ಪಾಕಸ್ತು ವಾಚಾಲೋ ವಾಚಾಟೋ ಬಹುಗರ್ಹ್ಯವಾಕ್’. ಬಹು, ಗರ್ಹ್ಯ, ವಾಕ್. ಬಹಳವೂ ಆಗಿರಬೇಕು, ಹಳಿಯುವಂಥದ್ದೂ ಆಗಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೆ ಆ ಪದ ಹೊಂದುವುದಿಲ್ಲ.

ಹಾಗಾದರೆ ‘ಮೂಕಂ ಕರೋತಿ ವಾಚಾಲಂ, ಪಂಗುಂ ಲಂಘಯತೇ ಗಿರಿಂ’ ಎಂಬ ಶ್ಲೋಕದ ಗತಿಯೇನು? ಗೀತೆಯ ಪಾರಾಯಣಕ್ಕೆ ಮುಂಚೆ ಹೇಳುವ ಧ್ಯಾನಶ್ಲೋಕಗಳಲ್ಲಿ ಇದು ಬರುತ್ತದೆ. ಮೂಗನನ್ನು ಭಗವಂತನ ಕೃಪೆ ವಾಚಾಲನನ್ನಾಗಿ ಮಾಡುತ್ತದೆ ಎಂದರೆ ಹರಟೆಮಲ್ಲನನ್ನಾಗಿ ಮಾಡುತ್ತದೆ ಎಂದಲ್ಲ. ಧಾರಾಳವಾಗಿ ಮಾತಾಡಬಲ್ಲವನು ಎಂದೇ ಅಲ್ಲಿ ಅರ್ಥ. ಪಾಣಿನಿಯ ಸೂತ್ರವನ್ನು ವಾರ್ತಿಕವಿಲ್ಲದೆ ಓದಿದರೆ ಸಿಗುವ ಅರ್ಥವೂ ಅದೇ, ಬಹಳ ಮಾತಾಡುವವನು. ಕಾವ್ಯದಲ್ಲಿ ‘ವಾಚಾಲಿತ’ ಎಂದರೆ ದನಿಗೂಡಿದ, ಸದ್ದಿನಿಂದ ತುಂಬಿದ ಎಂಬ ಅರ್ಥವೂ ಉಂಟು. ಆದರೆ ಕನ್ನಡಕ್ಕೆ ಬಂದು ನೆಲೆಸಿರುವುದು ವಾರ್ತಿಕದ ಅರ್ಥ. ‘ಅವರು ಒಳ್ಳೆಯ ವಾಚಾಳಿ’ ಎಂದು ಕನ್ನಡದಲ್ಲಿ ಯಾರನ್ನೂ ಹೊಗಳಲು ಆಗುವುದಿಲ್ಲ. ಶ್ಲೋಕವನ್ನು ಕನ್ನಡಿಸುವವರು ಇಲ್ಲಿ ಎಚ್ಚರವಾಗಿರಬೇಕು. ‘ಮೂಗನನ್ನು ವಾಚಾಳಿಯಾಗಿಸುವ’ ಎಂದು ಬರೆದರೆ ಸ್ತುತಿ ನಿಂದೆಯಾಗುತ್ತದೆ. ‘ಮೂಗನನ್ನು ಮಾತುಗಾರನಾಗಿಸುವ’ ಎಂದರೆ ಸರಿ.

ವಾಚಾಲ ಕನ್ನಡದಲ್ಲಿ ವಾಚಾಳಿಯಾದದ್ದು ಎರಡು ಹೆಜ್ಜೆಗಳಲ್ಲಿ. ಮೊದಲನೆಯದು ಲಕಾರ ಳಕಾರವಾದದ್ದು. ಮಂಗಲ ಮಂಗಳವಾದಂತೆ, ಸರಲ ಸರಳವಾದಂತೆ, ಧವಲ ಧವಳವಾದಂತೆ, ವಿರಲ ವಿರಳವಾದಂತೆ ಇದೂ ಆಯಿತು. ಸಂಸ್ಕೃತದ ಲಕಾರದ ಜಾಗದಲ್ಲಿ ಕನ್ನಡ ತಂದುಕೊಳ್ಳುವ ಈ ಳಕಾರಕ್ಕೆ 13ನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣಗ್ರಂಥ ಶಬ್ದಮಣಿದರ್ಪಣದಲ್ಲಿ ‘ಕ್ಷಳ’ ಎಂದು ಪ್ರತ್ಯೇಕ ಹೆಸರಿಟ್ಟಿದ್ದಾನೆ. ಕನ್ನಡದ್ದೇ ಆದ ಳಕಾರ ‘ಕುಳ’. ಈಗ ಬಳಕೆಯಿಂದ ಮರೆಯಾಗಿರುವ ೞಕಾರ ಮೂರನೆಯದು, ಅದು ‘ರಳ’. ಕಿವಿಗೆ ಕ್ಷಳ ಮತ್ತು ಕುಳ ಒಂದೇ. ಪದದ ಮೂಲ ತಿಳಿದಾಗ ಮಾತ್ರ ಯಾವುದು ಯಾವುದೆಂದು ಗೊತ್ತಾಗುತ್ತದೆ.

ಎರಡನೆಯ ಹೆಜ್ಜೆ ಕೊನೆಯ ಇಕಾರ. ಸಂಸ್ಕೃತದಲ್ಲಿ ಪುಲ್ಲಿಂಗಕ್ಕೆ ವಾಚಾಲಃ, ಸ್ತ್ರೀಲಿಂಗಕ್ಕೆ ವಾಚಾಲಾ. ಕನ್ನಡದಲ್ಲಿ ಅವನೂ ವಾಚಾಳಿ, ಅವಳೂ ವಾಚಾಳಿ. ಈ ಇಕಾರ ಬರಲು ಕನ್ನಡದ ‘ಆಳಿ’ ಪ್ರತ್ಯಯದ ಒತ್ತಾಸೆ ಇದೆಯೆಂದೇ ನನ್ನ ಅಭಿಪ್ರಾಯ. ಮಾತು + ಆಳಿ ಮಾತಾಳಿ, ಓದು + ಆಳಿ ಓದಾಳಿ, ಜೂಜು + ಆಳಿ ಜೂಜಾಳಿ. ಆ ಕೆಲಸದಲ್ಲೇ ತೊಡಗಿರುವವನು ಎಂದು ಅರ್ಥ. ಮಾತಾಳಿ, ವಾಚಾಳಿ ಎಂದು ಒಟ್ಟಿಗೆ ಹೇಳಿ ನೋಡಿ, ಎರಡೂ ಒಂದೇ ಅಚ್ಚಿನವೆಂದು ಅನಿಸದೆ ಇರದು. ಆದರೆ ಮಾತಾಳಿಯ ಆಳಿ ಕನ್ನಡದ್ದು, ವಾಚಾಳಿಯ ಆಳ ಪಾಣಿನಿಯ ಆಲಚ್. ಶಾಲೆಯ ಪಾಠಗಳಲ್ಲಿ ‘ವಾಚ + ಆಳಿ’ ಎಂದು ಬಿಡಿಸಿದರೆ ಅದು ತಪ್ಪು. ಅರ್ಥದಲ್ಲೂ ಇವೆರಡು ಬೇರೆ. ಮಾತಾಳಿ ಎಂದರೆ ಮಾತಿನ ಮೇಲೆ ಪ್ರೀತಿಯುಳ್ಳವನು. ಮಗುವನ್ನು ಅಕ್ಕರೆಯಿಂದ ‘ಒಳ್ಳೆ ಮಾತಾಳಿ’ ಎನ್ನಬಹುದು. ಆ ಸಲಿಗೆ ವಾಚಾಳಿಗೆ ಇಲ್ಲ. ಭಾವನಾಮ ಬೇಕಾದಾಗ ‘ವಾಚಾಳಿತನ’ ಎನ್ನುವುದೇ ಕನ್ನಡಕ್ಕೆ ಸಹಜ.

ಅಮರಸಿಂಹ ವಾಚಾಲನ ಆಸುಪಾಸಿನಲ್ಲಿ ಇನ್ನಿಬ್ಬರನ್ನು ನಿಲ್ಲಿಸಿದ್ದಾನೆ, ಜಲ್ಪಾಕ ಮತ್ತು ವಾವದೂಕ. ಜಲ್ಪಾಕದಲ್ಲಿರುವ ಆಕ ಎಂಬ ಪ್ರತ್ಯಯ ಅಭ್ಯಾಸವನ್ನು, ಸ್ವಭಾವವನ್ನು ಹೇಳುತ್ತದೆ. ಲುಂಟಾಕ ಎಂದರೆ ಕೊಳ್ಳೆಹೊಡೆಯುವುದೇ ಚಾಳಿಯಾದವನು, ಅದೇ ಸೂತ್ರದಿಂದ ಜಲ್ಪಾಕ ಎಂದರೆ ವಟಗುಟ್ಟುವುದೇ ಚಾಳಿಯಾದವನು. ಒಂದು ದಿನ ಹೆಚ್ಚು ಮಾತಾಡಿದವನಿಗೆ ಈ ಪದ ಸಲ್ಲದು. ವಾವದೂಕದಲ್ಲಿ ‘ವದ್’ ಧಾತು ಇಮ್ಮಡಿಸಿದೆ, ಮತ್ತೆ ಮತ್ತೆ ಅಥವಾ ಅತಿಯಾಗಿ ಮಾತಾಡುವವನು ಎಂಬುದು ಪದದ ಆಕಾರದಲ್ಲೇ ಕಾಣುತ್ತದೆ. ಆದರೆ ಅಮರ ಇವನನ್ನು ವಾಗ್ಮಿಯ ಪಕ್ಕದಲ್ಲಿ ‘ಅತಿವಕ್ತಾ’ ಎಂದು ಕೂರಿಸಿದ್ದಾನೆ, ಗರ್ಹ್ಯರ ಸಾಲಿಗೆ ತಳ್ಳಿಲ್ಲ.

ಮಾತಾಡುವವರಿಂದ ಮಾತಿನ ಕಡೆಗೆ ಹೋದರೆ ‘ಲಪ್’ ಧಾತುವಿನ ದೊಡ್ಡ ಕುಟುಂಬ ಸಿಗುತ್ತದೆ. ಅಮರಕೋಶದ ಮೊದಲ ಕಾಂಡದಲ್ಲಿ ಇವಕ್ಕೆ ಒಂದೊಂದಾಗಿ ಅರ್ಥ ಹೇಳಿದೆ. ಆಲಾಪ ಎಂದರೆ ಮಾತಾಡಿಸುವುದು, ಸಂಲಾಪ ಪರಸ್ಪರ ಮಾತು, ವಿಲಾಪ ಗೋಳು, ಅನುಲಾಪ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು, ವಿಪ್ರಲಾಪ ಒಬ್ಬರಿಗೊಬ್ಬರು ವಿರುದ್ಧವಾಗಿ ಹೇಳುವುದು, ಅಪಲಾಪ ಇದ್ದದ್ದನ್ನು ಇಲ್ಲವೆನ್ನುವುದು. ‘ಪ್ರಲಾಪೋಽನರ್ಥಕಂ ವಚಃ’, ಪ್ರಲಾಪ ಎಂದರೆ ಅರ್ಥವಿಲ್ಲದ ಮಾತು. ಆಯುರ್ವೇದದಲ್ಲಿ ಸನ್ನಿಪಾತ ಜ್ವರದ ರೋಗಿ ಬಡಬಡಿಸುವುದಕ್ಕೂ ಪ್ರಲಾಪವೆಂದೇ ಹೆಸರು. ಗೀತೆಯ ಐದನೆಯ ಅಧ್ಯಾಯದ ‘ಪ್ರಲಪನ್ ವಿಸೃಜನ್ ಗೃಹ್ಣನ್’ ಎಂಬಲ್ಲಿ ಮಾತ್ರ ಅದಕ್ಕೆ ಬರಿಯ ಮಾತಾಡುವುದು ಎಂಬ ಅರ್ಥ. ಈಗಿನ ಕನ್ನಡದಲ್ಲಿ ಪ್ರಲಾಪ ತನ್ನ ಮೂಲಾರ್ಥದಿಂದ ಸರಿದು ವಿಲಾಪದ ಜತೆ ಬೆರೆತುಹೋಗಿದೆ. ಅಳುತ್ತ ಹೇಳಿಕೊಳ್ಳುವುದಕ್ಕೆ ಪ್ರಲಾಪ ಎಂದು ಬರೆಯುವುದು ಪತ್ರಿಕೆಗಳಲ್ಲೂ ಸಾಮಾನ್ಯ. ಬಳಕೆ ಬದಲಾಗುವುದನ್ನು ತಡೆಯಲಾಗದು. ಆದರೆ ಹಳೆಯ ಪಠ್ಯ ಓದುವಾಗ ಈಗಿನ ಅರ್ಥವನ್ನು ಹೊತ್ತುಕೊಂಡು ಹೋದರೆ ಎಡವುವುದು ಖಂಡಿತ.

ಕನ್ನಡದ ಸ್ವಂತ ಪದಗಳಿಗೇನೂ ಕೊರತೆಯಿಲ್ಲ. ಹರಟು, ಗಳಹು, ಹಲುಬು, ಬಡಬಡಿಸು, ವಟಗುಟ್ಟು, ಒದರು, ಕೊರೆ. ಇವೆಲ್ಲ ಒಂದೇ ಎಂದು ತಿಳಿಯುವುದು ಸರಿಯಲ್ಲ. ಹರಟೆಗೆ ಕನ್ನಡದಲ್ಲಿ ಮರ್ಯಾದೆ ಇದೆ. ಅದು ಒಂದು ಸಾಹಿತ್ಯಪ್ರಕಾರದ ಹೆಸರೂ ಹೌದು. ಬಯ್ಯಬೇಕಾದರೆ ‘ಕಾಡುಹರಟೆ’, ‘ಒಣಹರಟೆ’ ಎಂದು ವಿಶೇಷಣ ಸೇರಿಸಬೇಕು. ಹಲುಬುವುದರಲ್ಲಿ ಸಂಕಟವಿದೆ. ಗಳಹುವುದರಲ್ಲಿ ಸೊಕ್ಕೋ ಅವಿವೇಕವೋ ಇದೆ. ವಟಗುಟ್ಟುವುದು ಸದ್ದಿನಿಂದ ಹುಟ್ಟಿದ ಪದ, ಪಿಸುಗುಟ್ಟು, ಗೊಣಗುಟ್ಟು, ಲೊಚಗುಟ್ಟು ಇವುಗಳ ಸಾಲಿನದು. ಅಲ್ಲಿ ಏನು ಹೇಳಿದರು ಎಂಬುದು ಲೆಕ್ಕಕ್ಕಿಲ್ಲ, ಸದ್ದಷ್ಟೇ ಲೆಕ್ಕ.

ಇವೆಲ್ಲವುಗಳಿಂದ ‘ಕೊರೆ’ ಬೇರೆ. ಹರಟು, ಗಳಹು, ವಟಗುಟ್ಟು ಇವುಗಳಿಗೆ ಕೇಳುವವರು ಬೇಕೆಂದೇನಿಲ್ಲ. ಒಬ್ಬನೇ ಕೂತು ವಟಗುಟ್ಟಬಹುದು. ಕೊರೆಯಲು ಮಾತ್ರ ಇನ್ನೊಬ್ಬರು ಬೇಕೇ ಬೇಕು. ‘ಒಂದು ಗಂಟೆ ತಲೆ ಕೊರೆದರು’ ಎನ್ನುವಾಗ ಆ ತಲೆ ಕೇಳುಗರದು, ವ್ಯಾಕರಣದಲ್ಲಿ ಅದೇ ಕರ್ಮಪದ. ಉಳಿದ ಪದಗಳು ಮಾತಾಡುವವನ ಕಡೆಯಿಂದ ದೋಷವನ್ನು ನೋಡಿದರೆ, ಕೊರೆತ ಅದನ್ನು ಕೇಳುವವನ ಕಡೆಯಿಂದ ನೋಡುತ್ತದೆ. ‘ಪುರಾಣ ಬಿಚ್ಚು’, ‘ಪ್ರವರ ಹೇಳು’ ಎಂಬ ಮಾತುಗಳೂ ಇವೆ. ಪ್ರವರವೆಂದರೆ ಗೋತ್ರದ ಋಷಿಗಳ ಹೆಸರುಗಳನ್ನು ಹೇಳಿಕೊಳ್ಳುವುದು. ಅದು ಈಗ ತನ್ನ ಬಗ್ಗೆ ತಾನೇ ಉದ್ದಕ್ಕೆ ಹೇಳಿಕೊಳ್ಳುವುದಕ್ಕೆ ನಿಂತಿದೆ.

ಈಗ ಬಹುಗರ್ಹ್ಯವಾಕ್ ಎಂಬುದಕ್ಕೆ ಮರಳೋಣ. ಗರ್ಹ್ಯ ಎಂದರೆ ಯಾವ ರೀತಿಯಲ್ಲಿ ಗರ್ಹ್ಯ? ಕೋಶಕಾರ ಅದನ್ನು ಬಿಡಿಸುವುದಿಲ್ಲ, ಅದು ಅವನ ಕೆಲಸವೂ ಅಲ್ಲ. ಬಿಡಿಸಿದವರು ನೈಯಾಯಿಕರು, ಅಂದರೆ ನ್ಯಾಯದರ್ಶನದ ತರ್ಕಶಾಸ್ತ್ರಿಗಳು. ಗೌತಮನ ನ್ಯಾಯಸೂತ್ರದ ಕೊನೆಯ ಆಹ್ನಿಕದಲ್ಲಿ (ಅಧ್ಯಾಯದ ಭಾಗದಲ್ಲಿ) 22 ನಿಗ್ರಹಸ್ಥಾನಗಳಿವೆ. ವಾದದಲ್ಲಿ ಸೋಲಾಯಿತೆಂದು ಘೋಷಿಸಬಹುದಾದ ಜಾಗಗಳು ಅವು. ಇವುಗಳಲ್ಲಿ ಏಳೆಂಟು ನೇರವಾಗಿ ಹಿಡಿತ ತಪ್ಪಿದ ಮಾತಿಗೆ ಸಂಬಂಧಿಸಿದವು. ‘ಏನೇನೋ ಮಾತಾಡಿದರು’ ಎಂದು ನಾವು ಒಂದೇ ಮಾತಿನಲ್ಲಿ ತೇಲಿಸಿಬಿಡುವುದನ್ನು ಅವರು ಬೇರೆ ಬೇರೆ ಮಾಡಿ ಹೆಸರಿಟ್ಟರು.

ಅರ್ಥಾಂತರದಿಂದ ಶುರುಮಾಡಿ, ಏಕೆಂದರೆ ವೇದಿಕೆಯ ಮೇಲೆ ಅತಿ ಹೆಚ್ಚು ನಡೆಯುವುದು ಇದೇ. ಹಿಡಿದ ವಿಷಯಕ್ಕೆ ಸಂಬಂಧವಿಲ್ಲದ ಅರ್ಥಕ್ಕೆ ಜಾರುವುದು. ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ ಕೊಟ್ಟಿರುವ ಉದಾಹರಣೆ ಬಹಳ ಚೆನ್ನಾಗಿದೆ. ಒಬ್ಬ ವಾದಿ ‘ಶಬ್ದ ನಿತ್ಯ’ ಎಂದು ಸಾಧಿಸಲು ನಿಂತಿದ್ದಾನೆ. ‘ಏಕೆಂದರೆ ಅದಕ್ಕೆ ಸ್ಪರ್ಶವಿಲ್ಲ, ಇದು ಹೇತು’ ಎನ್ನುತ್ತಾನೆ. ಅಷ್ಟರಲ್ಲಿ ‘ಹೇತು ಎಂಬ ಪದ ಹಿ ಧಾತುವಿಗೆ ತುನ್ ಪ್ರತ್ಯಯ ಸೇರಿ ಆದ ಕೃದಂತ’ ಎನ್ನುತ್ತಾನೆ. ಪದ ಎಂದ ಮೇಲೆ ಪದ ಎಂದರೇನು ಎಂಬುದು ಬಂತು, ‘ಪದಗಳು ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕು ಬಗೆ’. ನಾಮ ಎಂದ ಮೇಲೆ ನಾಮದ ಲಕ್ಷಣ ಬಂತು. ಹೀಗೆ ಸಾಗುತ್ತದೆ. ಗಮನಿಸಬೇಕಾದದ್ದು ಇಲ್ಲಿನ ಪ್ರತಿ ವಾಕ್ಯವೂ ನಿಜ ಎಂಬುದನ್ನು. ವ್ಯಾಕರಣದಲ್ಲಿ ತಪ್ಪಿಲ್ಲ, ವಿದ್ವತ್ತಿಗೆ ಕೊರತೆಯಿಲ್ಲ. ಪ್ರತಿಯೊಂದು ವಾಕ್ಯ ತನ್ನ ಹಿಂದಿನ ವಾಕ್ಯದ ಕೊನೆಯ ಪದಕ್ಕೆ ಅಂಟಿಕೊಂಡಿದೆ, ಆದರೆ ಮೊದಲ ಪ್ರತಿಜ್ಞೆಗೆ, ಅಂದರೆ ಸಾಧಿಸಹೊರಟ ಮಾತಿಗೆ, ಒಂದೂ ಅಂಟಿಕೊಂಡಿಲ್ಲ. ಶಬ್ದ ನಿತ್ಯವೋ ಅಲ್ಲವೋ ಎಂಬುದು ಇದ್ದಲ್ಲೇ ಉಳಿಯಿತು. ಹೆಚ್ಚು ಓದಿಕೊಂಡವರೇ ಈ ದೋಷಕ್ಕೆ ಬೇಗ ಸಿಕ್ಕುತ್ತಾರೆ, ಏಕೆಂದರೆ ಅವರಿಗೆ ಪ್ರತಿ ಪದದ ಬಗ್ಗೆಯೂ ಹೇಳಲು ಏನಾದರೂ ಇರುತ್ತದೆ.

ಅಪಾರ್ಥಕ ಇದಕ್ಕಿಂತ ಭಿನ್ನ. ಅಲ್ಲಿ ಹಿಂದಿನ ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ಪೂರ್ವಾಪರ ಸಂಬಂಧವೇ ಇರುವುದಿಲ್ಲ. ಇದಕ್ಕೆ ‘ದಶ ದಾಡಿಮಾನಿ, ಷಡಪೂಪಾಃ, ಕುಂಡಮ್, ಅಜಾಜಿನಮ್’ ಎಂಬ ಹಳೆಯ ಉದಾಹರಣೆ ಇದೆ. ಹತ್ತು ದಾಳಿಂಬೆ, ಆರು ಕಜ್ಜಾಯ, ಒಂದು ಪಾತ್ರೆ, ಆಡಿನ ತೊಗಲು. ಪತಂಜಲಿಯ ವ್ಯಾಕರಣಗ್ರಂಥ ಮಹಾಭಾಷ್ಯದಲ್ಲೂ ಇದು ಬರುತ್ತದೆ. ಬಿಡಿಬಿಡಿಯಾಗಿ ಪ್ರತಿ ಪದಕ್ಕೂ ಅರ್ಥವಿದೆ, ಸೇರಿದಾಗ ವಾಕ್ಯಾರ್ಥ ಹುಟ್ಟುವುದಿಲ್ಲ. ಕನ್ನಡದಲ್ಲಿ ಇದಕ್ಕೆ ‘ತಲೆಬುಡವಿಲ್ಲದ ಮಾತು’ ಎನ್ನುತ್ತೇವೆ. ಬಿಡಿ ಅಕ್ಷರಗಳನ್ನೇ ಉದುರಿಸಿದಂತೆ ಪದಕ್ಕೂ ಅರ್ಥವಿಲ್ಲದಿದ್ದರೆ ಅದು ನಿರರ್ಥಕ, ಅದು ಅಪರೂಪ.

ಇದನ್ನು ಒಂದು ಮಾದರಿಯ ಮೇಲೆ ಇಟ್ಟು ನೋಡೋಣ. ಭಾಷಣದ ವಿಷಯ: ‘ಗ್ರಂಥಾಲಯ ರಾತ್ರಿ ಎಂಟರ ತನಕ ತೆರೆದಿರಬೇಕು’. ಕಾರಣ: ಹಗಲೆಲ್ಲ ದುಡಿಯುವವರಿಗೆ ಬಿಡುವು ಸಿಗುವುದು ಸಂಜೆಯೇ. ಭಾಷಣಕಾರರು ‘ಗ್ರಂಥ ಎಂದರೆ ಕಟ್ಟಿದ್ದು, ಹಿಂದೆ ತಾಳೆಗರಿಗಳನ್ನು ದಾರದಿಂದ ಕಟ್ಟುತ್ತಿದ್ದರು, ತಾಳೆಗರಿಗೆ ಮಸಿ ಬಳಿಯುತ್ತಿದ್ದ ಬಗೆ ಹೀಗೆ’ ಎಂದು ಹೊರಟರೆ ಅದು ಅರ್ಥಾಂತರ. ‘ಗ್ರಂಥಾಲಯ ಬೇಕು, ಯುವಜನರೇ ದೇಶದ ಆಸ್ತಿ, ಪರಿಸರ ಉಳಿಸಬೇಕು, ತಾಯಿಯ ಋಣ ದೊಡ್ಡದು’ ಎಂದರೆ ಅಪಾರ್ಥಕ. ಒಂದು ಕಾರಣದಿಂದ ವಿಷಯ ಸಾಧಿತವಾದ ಮೇಲೂ ಎರಡನೆಯ, ಮೂರನೆಯ ಕಾರಣ, ನಾಲ್ಕನೆಯ ದೃಷ್ಟಾಂತ ಎಂದು ಪೇರಿಸುತ್ತ ಹೋದರೆ ಅದಕ್ಕೆ ‘ಅಧಿಕ’ ಎಂದು ಹೆಸರು. ಅಧಿಕ ಏಕೆ ದೋಷ ಎಂದು ಹಲವರು ಕೇಳುತ್ತಾರೆ. ಕೇಳುಗರು ಮೊದಲ ಕಾರಣವನ್ನು ಒಪ್ಪಿ ಆಗಿರುತ್ತದೆ. ನಾಲ್ಕನೆಯದು ದುರ್ಬಲವಾಗಿದ್ದರೆ ಅವರ ಗಮನ ಅದರ ಮೇಲೆ ನಿಂತು, ಒಪ್ಪಿದ್ದರ ಮೇಲೂ ಸಂಶಯ ಹುಟ್ಟುತ್ತದೆ.

ಪುನರುಕ್ತದ ವಿಷಯದಲ್ಲಿ ನೈಯಾಯಿಕರ ವಿವೇಕ ಮೆಚ್ಚುವಂಥದ್ದು. ಹೇಳಿದ್ದನ್ನೇ ಮತ್ತೆ ಹೇಳುವುದು ದೋಷ, ‘ಅನುವಾದವನ್ನು ಬಿಟ್ಟು’. ಇಲ್ಲಿ ಅನುವಾದವೆಂದರೆ ಭಾಷಾಂತರವಲ್ಲ, ಪ್ರಯೋಜನವಿಟ್ಟುಕೊಂಡು ಮತ್ತೆ ಹೇಳುವುದು. ‘ಬೇಗ ಬೇಗ ಹೋಗು’ ಎಂಬಲ್ಲಿ ಎರಡನೆಯ ‘ಬೇಗ’ ಪುನರುಕ್ತವಲ್ಲ, ಅದು ಅವಸರವನ್ನು ಹೆಚ್ಚಿಸುತ್ತದೆ. ಐದು ಅವಯವಗಳ ಅನುಮಾನ ವಾಕ್ಯದಲ್ಲಿ ಮೊದಲನೆಯದು ಪ್ರತಿಜ್ಞೆ, ಕೊನೆಯದು ನಿಗಮನ. ನಿಗಮನ ಎಂದರೆ ಪ್ರತಿಜ್ಞೆಯ ‘ಪುನರ್ವಚನ’ ಎಂದೇ ಸೂತ್ರ ಹೇಳುತ್ತದೆ. ದೋಷದ ಲಕ್ಷಣದಲ್ಲಿರುವ ಪದವೇ ಗುಣದ ಲಕ್ಷಣದಲ್ಲೂ ಇದೆ. ವ್ಯತ್ಯಾಸ ನಡುವೆ ಏನು ನಡೆದಿದೆ ಎಂಬುದರಲ್ಲಿದೆ. ಹೇತು, ಉದಾಹರಣೆ, ಉಪನಯ (ಉದಾಹರಣೆಯನ್ನು ವಿಷಯಕ್ಕೆ ಹೊಂದಿಸುವುದು) ಇವು ನಡೆದ ಮೇಲೆ ಬಂದರೆ ಅದು ನಿಗಮನ, ನಡುವೆ ಏನೂ ನಡೆಯದೆ ಬಂದರೆ ಪುನರುಕ್ತ. ಭಾಷಣದ ಬರಹರೂಪ ತಿದ್ದುವವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗದು. ಎರಡು ಸಮಾನ ವಾಕ್ಯಗಳ ನಡುವಿನ ಭಾಗವನ್ನು ಓದಿ. ಅಲ್ಲಿ ಹೊಸ ಕಾರಣವೋ ನಿದರ್ಶನವೋ ಇದ್ದರೆ ಎರಡನೆಯ ವಾಕ್ಯವನ್ನು ಉಳಿಸಿ, ಇಲ್ಲದಿದ್ದರೆ ಹೊಡೆದುಹಾಕಿ.

ತಿದ್ದುವ ಮಾತು ಬಂದಿರುವುದರಿಂದ ಕನ್ನಡ ಭಾಷಣಗಳಲ್ಲೇ ವಿಶೇಷವಾಗಿ ಕಾಣುವ ಎರಡು ತೊಂದರೆಗಳನ್ನು ಹೇಳಬೇಕು. ಮೊದಲನೆಯದು ವಾಕ್ಯದ ಕಟ್ಟಿನದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದಕ್ಕೆ ಮುಂಚೆ ‘ಮಾಡಿ, ನೋಡಿ, ಹೋಗಿ, ಬಂದು’ ಎಂಬ ನ್ಯೂನಗಳನ್ನೂ, ಅಂದರೆ ಅರ್ಥ ಮುಗಿಯದ ಕ್ರಿಯಾರೂಪಗಳನ್ನೂ, ‘ಮಾಡುವಂಥ, ಇರುವಂಥ’ ಎಂಬ ವಿಶೇಷಣಗಳನ್ನೂ ಎಷ್ಟು ಬೇಕಾದರೂ ಪೋಣಿಸಬಹುದು. ಬರೆಯುವವರಿಗೆ ಇದು ಸಂಪತ್ತು. ಬಾಯಿಮಾತಿನಲ್ಲಿ ಇದೇ ಅಪಾಯ, ಏಕೆಂದರೆ ಕರ್ತೃಪದ ಹೇಳಿ ಏಳೆಂಟು ನ್ಯೂನಗಳನ್ನು ದಾಟಿ ಕ್ರಿಯಾಪದಕ್ಕೆ ಬರುವಷ್ಟರಲ್ಲಿ ಕರ್ತೃ ಯಾರೆಂದು ಹೇಳುವವರಿಗೇ ಮರೆತಿರುತ್ತದೆ. ‘ಸಮಿತಿಯವರು’ ಎಂದು ಶುರುವಾದ ವಾಕ್ಯ ‘ಎಂದು ನನಗೆ ಅನಿಸುತ್ತದೆ’ ಎಂದು ಮುಗಿಯುತ್ತದೆ, ಸಮಿತಿಯವರು ಏನು ಮಾಡಿದರೆಂಬುದು ಬರುವುದೇ ಇಲ್ಲ. ಮೂರು ನ್ಯೂನಗಳಾದ ಮೇಲೆ ಕ್ರಿಯಾಪದ ಹಾಕಿ ವಾಕ್ಯ ಮುಗಿಸುವ ಅಭ್ಯಾಸ ಮಾಡಿಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಎರಡನೆಯದು ತುಂಬುಪದಗಳು. ‘ಈ ಒಂದು ಸಂದರ್ಭದಲ್ಲಿ ಈ ಒಂದು ವೇದಿಕೆಯ ಮೇಲೆ ಆ ಒಂದು ವಿಚಾರವನ್ನು ಹೇಳತಕ್ಕಂಥದ್ದು’ ಎಂಬ ಧಾಟಿ ಎಲ್ಲರಿಗೂ ಗೊತ್ತು. ಇಲ್ಲಿನ ‘ಒಂದು’ ಎಣಿಕೆಯಲ್ಲ, ಮುಂದಿನ ಪದ ಹೊಳೆಯುವ ತನಕ ಉಸಿರು ಹಿಡಿಯುವ ಉಪಾಯ. ‘ತಕ್ಕಂಥದ್ದು’ ಕೂಡ ಹಾಗೆಯೇ. ‘ಹೇಳುತ್ತೇನೆ’ ಎಂಬಲ್ಲಿ ‘ಹೇಳತಕ್ಕಂಥದ್ದು’ ಎಂದಾಗ ಹೇಳುವವರು ಯಾರೆಂಬುದು ಅಳಿಸಿಹೋಗುತ್ತದೆ. ಮೇಲಿನ ವಾಕ್ಯದಿಂದ ಇವನ್ನೆಲ್ಲ ತೆಗೆದರೆ ಉಳಿಯುವುದು ‘ಇಲ್ಲಿ ಆ ವಿಚಾರ ಹೇಳುತ್ತೇನೆ’ ಎಂಬ ನಾಲ್ಕು ಪದ. ಸುಮ್ಮನೆ ಒಂದು ಕ್ಷಣ ನಿಂತು ಮುಂದಿನ ಪದವನ್ನು ಹುಡುಕಿಕೊಳ್ಳುವುದು ಇದಕ್ಕೆ ಪರಿಹಾರ. ಆ ಮೌನ ಮಾತಾಡುವವರಿಗೆ ದೀರ್ಘವೆನಿಸುತ್ತದೆ, ಕೇಳುವವರ ಗಮನಕ್ಕೇ ಬರುವುದಿಲ್ಲ. ಕವಿರಾಜಮಾರ್ಗಕಾರ 9ನೆಯ ಶತಮಾನದಲ್ಲೇ, ಮಾತು ಬಲ್ಲವನಿಗಿಂತ ಕಿರಿದರಲ್ಲಿ ಹಿರಿದಾದ ಅರ್ಥವನ್ನು ತಿಳಿಸಬಲ್ಲವನು ನಿಪುಣ ಎಂದು ಮೆಟ್ಟಿಲು ಹಾಕಿ ತೋರಿಸಿದ್ದಾನೆ.

ಕೊನೆಗೆ, ಮಾತು ಅರ್ಥವಾಗದಿದ್ದಾಗ ತಪ್ಪು ಯಾರದೆಂದು ನ್ಯಾಯಸೂತ್ರ ಹೇಗೆ ತೀರ್ಮಾನಿಸುತ್ತದೆ ಎಂಬುದನ್ನೂ ನೋಡಬೇಕು. ವಾದಿ ಮೂರು ಸಲ ಹೇಳಿದರೂ ಸಭೆಗೂ ಪ್ರತಿವಾದಿಗೂ ಅರ್ಥವಾಗದಿದ್ದರೆ ಅದು ‘ಅವಿಜ್ಞಾತಾರ್ಥ’, ಸೋಲು ಹೇಳಿದವನದು. ತನ್ನ ಮಾತು ಬಹಳ ಆಳವಾದದ್ದು ಎಂಬ ಸಬೂಬು ನಡೆಯುವುದಿಲ್ಲ. ಆದರೆ ಸಭೆಗೆ ಅರ್ಥವಾಗಿ, ಮೂರು ಸಲ ಹೇಳಿಯೂ ಪ್ರತಿವಾದಿ ಅದನ್ನು ತಿರುಗಿ ಹೇಳಲಾರದೆ ಹೋದರೆ ಅದು ‘ಅನನುಭಾಷಣ’, ಅರ್ಥವೇ ಆಗದಿದ್ದರೆ ‘ಅಜ್ಞಾನ’. ಆಗ ಸೋಲು ಕೇಳಿದವನದು. ಅಂದರೆ ಉತ್ತರ ಕೊಡುವವನು ಮೊದಲು ಎದುರಾಳಿಯ ಮಾತನ್ನು ತನ್ನ ಬಾಯಿಂದ ಹೇಳಿ ತೋರಿಸಬೇಕು, ಆಮೇಲೆ ಖಂಡನೆ. ಯಾರನ್ನಾದರೂ ವಾಚಾಳಿ ಎಂದು ಕರೆಯುವ ಮುನ್ನ ಅವರು ಹೇಳಿದ್ದನ್ನು ಎರಡು ವಾಕ್ಯದಲ್ಲಿ ತಿರುಗಿ ಹೇಳಲು ಪ್ರಯತ್ನಿಸಬೇಕು. ಹೇಳಲು ಬಂದರೆ ಅದು ಬಹುವಾಕ್ಕು ಮಾತ್ರ, ಗರ್ಹ್ಯವಲ್ಲ.